ಯುಪಿಎಸ್ ಮತ್ತು ಮಾವಿನ ದರ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನಿದ್ದ ಕೋಲಾರದ ಪತ್ರಿಕೆಯಲ್ಲಿ ಪುಟ ಕಟ್ಟಲು ಇದ್ದದ್ದು ಒಂದೇ ಕಂಪ್ಯೂಟರ್. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ವರದಿಗಾರ ಸಂಜೆ ಎಸ್‌ಟಿಡಿ ಬೂತಿನಿಂದ ಮಂಡಿ ದರ ಹೇಳುತ್ತಿದ್ದ. ನಾನು ರಿಸೀವರ್ ಹಿಡಿದು ಅದನ್ನೇ ಕೂಗುತ್ತಿದ್ದೆ. ಆಪರೇಟರ್ ಹೆಂಗಸು ನೇರವಾಗಿ ಪುಟಕ್ಕೆ ಟೈಪ್ ಮಾಡುತ್ತಿದ್ದರು. ಮರುದಿನ ಕಾಯಿ ಕೀಳಿಸಬೇಕೋ ಬೇಡವೋ ಎಂದು ತೋಟದವರು ನಿರ್ಧರಿಸುತ್ತಿದ್ದುದು ಆ ದರ ನೋಡಿ.

ಕರೆಂಟು ಹೋದರೆ ನಮ್ಮ ಯುಪಿಎಸ್ ಕೆಲವೇ ನಿಮಿಷ ತಡೆಯುತ್ತಿತ್ತು. ಅದರ ಜತೆ ಬಂದ ಸಾಫ್ಟ್‌ವೇರ್ ಆಗಾಗ ಬ್ಯಾಟರಿಯನ್ನು ವಿಚಾರಿಸಿಕೊಂಡು, ಚಾರ್ಜ್ ಇಳಿದಿದ್ದರೆ ಕಂಪ್ಯೂಟರನ್ನು ತಾನೇ ಕ್ರಮವಾಗಿ ಆರಿಸಬೇಕು. ಎಷ್ಟು ಹೊತ್ತಿಗೊಮ್ಮೆ ವಿಚಾರಿಸಬೇಕು ಎಂಬುದನ್ನು ಮಾತ್ರ ನಾವು ಹೇಳಬೇಕು.

ಪತ್ರಿಕೆಯ ಮಾಲೀಕರು ಹತ್ತು ಸೆಕೆಂಡ್ ಇಡಿಸಿದರು. ಯಂತ್ರ ಹಳೆಯದು, ಪ್ರತಿ ವಿಚಾರಣೆಗೂ ಪರದೆ ಕಲ್ಲಿನಂತೆ ನಿಂತು, ಅಕ್ಷರಗಳು ತಡವಾಗಿ ಬೀಳತೊಡಗಿದವು.

"ಸಾರ್, ನಾನ್ ಪುಟ ಕಟ್ಲಾ, ಇದರ ನಾಡಿ ಹಿಡ್ಕೊಂಡ್ ಕೂತ್ಕೊಳ್ಲಾ?" ಎಂದರು ಆಪರೇಟರ್.

ಐದು ನಿಮಿಷಕ್ಕೆ ಬದಲಾಯಿಸಿದೆವು. ಕೆಲಸ ಸಲೀಸಾಯಿತು. ಆದರೆ ಮುಂದಿನ ಲೋಡ್ ಶೆಡ್ಡಿಂಗಿನಲ್ಲಿ ಎರಡು ವಿಚಾರಣೆಗಳ ನಡುವೆಯೇ ಬ್ಯಾಟರಿ ಮುಗಿದು ಕಂಪ್ಯೂಟರ್ ಥಟ್ಟನೆ ಆರಿತು. ಆ ದಿನ ದರ ಇನ್ನೂ ಬಂದಿರಲಿಲ್ಲವಾದ್ದರಿಂದ ಬಚಾವಾದೆವು. ಕೊನೆಗೆ ಒಂದು ನಿಮಿಷ ಎಂದು ಎಲ್ಲರೂ ಒಪ್ಪಿಕೊಂಡೆವು.

ಒಂದು ಸಂಜೆ ದರ ಹೇಳಿ ಮುಗಿಸಿದ ವರದಿಗಾರ ಬಸ್ಸು ಬಂತೆಂದು ಫೋನಿಟ್ಟ. ಕರೆಂಟು ಹೋಗಿ ಸ್ವಲ್ಪ ಹೊತ್ತಾಗಿತ್ತು. ಆಪರೇಟರ್ ಸೇವ್ ಮಾಡಲು ಕೈ ಚಾಚುವಷ್ಟರಲ್ಲಿ ಸಾಫ್ಟ್‌ವೇರ್ ಸರಿಯಾದ ಹೊತ್ತಿಗೆ ಬ್ಯಾಟರಿ ನೋಡಿ, ಯಾರನ್ನೂ ಕೇಳದೆ ಎಲ್ಲವನ್ನೂ ಮುಚ್ಚಿತು. ಸೇವ್ ಆಗದ ದರವೆಲ್ಲ ಹೋಯಿತು.

"ಕಂಪ್ಯೂಟರ್‌ಗೇನೂ ಆಗಿಲ್ಲ ಕಣಮ್ಮ. ನೀಟಾಗಿ ಆಫ್ ಆಗಿದೆ" ಎಂದರು ಮಾಲೀಕರು, ಸಮಾಧಾನದಿಂದ.

"ಹೂಂ ಸಾರ್. ನಮಗಿಂತ ಅದೇ ವಾಸಿ. ಟೈಮಾಯ್ತು ಅಂತ ಕೆಲಸ ಬಿಟ್ಟು ಮನೆಗೋಯ್ತು."

ವರದಿಗಾರ ಬಸ್ಸಿನಲ್ಲಿದ್ದ, ಮಂಡಿಯ ಫೋನ್ ಯಾರೂ ಎತ್ತಲಿಲ್ಲ. ನನಗೆ ನೆನಪಿದ್ದದ್ದು ಬಾದಾಮಿ ಮಾವಿನ ದರ ಮಾತ್ರ, ಅದೂ ಖಚಿತವಿರಲಿಲ್ಲ. ಖಚಿತವಿಲ್ಲದ್ದನ್ನು ಅಚ್ಚು ಹಾಕುವಂತಿಲ್ಲ. ಕರೆಂಟು ಬಂದ ಮೇಲೆ ಆ ಜಾಗದಲ್ಲಿ 'ಇಂದು ದರ ಲಭ್ಯವಿಲ್ಲ' ಎಂದು ಹಾಕಿ ಪುಟವನ್ನು ಅಚ್ಚಿಗೆ ಕಳಿಸಿದೆವು.

ಬೆಳಿಗ್ಗೆ ರಾಯಲ್ಪಾಡಿನಿಂದ ಫೋನ್ ಬಂತು. ಮಾವಿನ ತೋಟದವರೊಬ್ಬರು.

"ಏಂ ಸಾರ್, ಮಂಡಿ ಬಂದ್ ಆಗಿದ್ಯಾ? ನಿಮ್ ಪೇಪರ್ ನೋಡಿ ಕೂಲಿಯೋರ್ನೆಲ್ಲ ವಾಪಸ್ ಕಳಿಸ್ಬಿಟ್ಟೆ."

ಮಂಡಿ ತೆರೆದೇ ಇದೆ ಎಂದೆ. "ಹಂಗಾದ್ರೆ ನಿನ್ನೆ ದರ ಎಷ್ಟು ಸಾರ್?" ಎಂದರು.