ಅಕ್ಕ ಬೋರಲು ಹಾಕಿದ ಬಾನಿ

ಮೊನ್ನೆ ಮಸ್ಕಿಯ ನಮ್ಮ ಓಣಿಯ ತಿರುವಿನಲ್ಲಿ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಬೀದಿನಾಯಿಗಳಿಗೆಂದು ಹೊಸದಾಗಿ ನೀರಿನ ತೊಟ್ಟಿ ಕಟ್ಟಿದ್ದರು. ನೋಡಿದ ಕೂಡಲೇ ಕಿರಾಣಿ ಅಂಗಡಿಯ ಅಕ್ಕ ನೆನಪಾದಳು. ಮೈಯೆಲ್ಲ ಉರಿಯಿತು.

ಅದೇ ತಿರುವಿನಲ್ಲಿ ಅವಳ ಅಂಗಡಿಯಿತ್ತು. ಬಾಯಿ ಬಲು ಜೋರು. ಬೆಲ್ಲ ಮೂಸಿ ನೋಡಿದವರಿಗೆಲ್ಲ ಬೈಗುಳ ಪುಕ್ಕಟೆ. ಆದರೆ ಅಂಗಡಿಯ ಹಲಗೆಯ ಕೆಳಗೆ ಮರಿ ಹಾಕಿದ್ದ ಬೀದಿನಾಯಿಗೆ ದಿನವೂ ಹಾಲು, ರೊಟ್ಟಿ. "ನಾಯಿ ಆದ್ರೇನು, ಬಾಣಂತಿ ಬಾಣಂತಿನ" ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಓಣಿಯ ನಾಯಿಗಳಿಗೆ ಕೆಮ್ಮು ಹತ್ತಿತು. ಗಂಟಲಲ್ಲಿ ಎಲುಬು ಸಿಕ್ಕಂತೆ ಕೆಮ್ಮುತ್ತಿದ್ದವು, ಮೂಗು ಸೋರುತ್ತಿತ್ತು. ಅಕ್ಕ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಮರಿಗಳು ತೀರಾ ಎಳೆಯವು, ಲಸಿಕೆಗೆ ಇನ್ನೆರಡು ವಾರ ಬಿಟ್ಟು ತನ್ನಿ, ಅಲ್ಲಿಯತನಕ ಕೆಮ್ಮುವ ನಾಯಿಗಳ ಹತ್ತಿರ ಬಿಡಬೇಡಿ, ಅವು ಬಾಯಿಟ್ಟ ನೀರು ಕುಡಿಸಬೇಡಿ ಎಂದು ದನದ ಡಾಕ್ಟರು ಹೇಳಿ ಕಳಿಸಿದರು.

ಬಂದವಳೇ ತಿರುವಿನಲ್ಲಿದ್ದ ಕಲ್ಲಿನ ಬಾನಿಯನ್ನು ಬೋರಲು ಹಾಕಿದಳು. ಓಣಿಯ ನಾಯಿಗಳೆಲ್ಲ ನೀರು ಕುಡಿಯುತ್ತಿದ್ದ ಬಾನಿ ಅದು. ಬದಲಿಗೆ ಎಣ್ಣೆ ಕ್ಯಾನುಗಳನ್ನು ಕತ್ತರಿಸಿ, ಮನೆಮನೆಯ ಮುಂದೆ ಒಂದೊಂದು ಬಟ್ಟಲಿಟ್ಟು, ದಿನಾ ತೊಳೆಯಿರಿ ಎಂದಳು. ತೊಳೆಯುವುದು ಯಾರಿಗೆ ಬೇಕು? ನಮ್ಮ ಜನಕ್ಕೆ ಪುಣ್ಯವೂ ಕೂತಲ್ಲಿಗೇ ಬರಬೇಕು.

ಎದುರುಮನೆಯ ಸಾವ್ಕಾರರು ಹೊರಬಂದರು. ಬಾನಿ ಇಡಿಸಿದವರು ಅವರಪ್ಪ.

"ಮೂಕಪ್ರಾಣಿ ಬಾಯಾಗಿನ ನೀರ ಕಸಗೋತೀಯಲ್ಲವಾ, ಶಿವ ಮೆಚ್ತಾನೇನು?"

"ನೀರ ಬ್ಯಾಡ ಅಂದಿಲ್ರೀ ಸಾವ್ಕಾರ್ರ, ಎಲ್ಲಾ ಒಂದರಾಗ ಕುಡಿಯೂದು ಬ್ಯಾಡ ಅಂದೀನಿ. ಕೆಮ್ಮೋರು ಬಾಯಿ ಹಚ್ಚಿದ ತಂಬಗ್ಯಾಗ ನೀವ್ ಕುಡೀತೀರೇನು?"

ಅಕ್ಕ ಸಾಮಾನು ತರಲು ಸಿಂಧನೂರಿಗೆ ಹೋದ ದಿನ ನೋಡಿ ಸಾವ್ಕಾರರು ಬಾನಿ ಎತ್ತಿ ನಿಲ್ಲಿಸಿದರು, ವಿಭೂತಿ ಹಚ್ಚಿ ನೀರು ತುಂಬಿಸಿದರು, ಫೋಟೋ ತೆಗೆಸಿಕೊಂಡರು. ಕೆಮ್ಮುವ ನಾಯಿಗಳು ಬಂದು ಕುಡಿದವು. ಅವುಗಳ ಹಿಂದೆಯೇ ಮರಿಗಳೂ...

ಲಸಿಕೆಯ ದಿನ ಬರುವ ಮೊದಲೇ ಎಲ್ಲ ಮುಗಿದಿತ್ತು. ಒಂದು ಮರಿಯೂ ಉಳಿಯಲಿಲ್ಲ. ಅಕ್ಕ ಅವನ್ನು ಅದೇ ಬುಟ್ಟಿಯಲ್ಲಿಟ್ಟುಕೊಂಡು ಓಣಿಯ ನಡುವೆ ನಿಂತು ಒದರಿದಳು.

"ನೀರ ಕುಡಿಸಿ ಪುಣ್ಯಾ ಕಟ್ಕೊಂಡ್ರಲ್ಲಾ, ಈಗ ಮಣ್ಣ ಮಾಡಾಕ ಬರ್ರಿ!"

ಕದಗಳು ಮುಚ್ಚಿಕೊಂಡವು. ಸಲಿಕೆ ಹಿಡಿದು ಹೋದವಳು ನಾನೊಬ್ಬಳೇ. ತಾಯಿನಾಯಿ ಬಹಳ ದಿನ ಆ ಹಲಗೆಯ ಕೆಳಗೆ ಮೂಸುತ್ತಾ ತಿರುಗುತ್ತಿತ್ತು...

ಅಕ್ಕ ಹೋದ ವರ್ಷ ತೀರಿಕೊಂಡಳು. ಈಗ ನೋಡಿದರೆ ಹೊಸ ತೊಟ್ಟಿಯ ಮೇಲೆ ಅವಳದೇ ಹೆಸರು! ಕಟ್ಟಿಸಿದವರು ಪಕ್ಕದಲ್ಲೇ ನಿಂತಿದ್ದ ಅದೇ ಸಾವ್ಕಾರರು. "ಅಕ್ಕಗ ನಾಯಿ ಅಂದ್ರ ಜೀವ ಇತ್ತು ನೋಡವಾ" ಎಂದು ಕಣ್ಣು ಬೇರೆ ಒರೆಸಿಕೊಂಡರು. ನಾಚಿಕೆಯಾದರೂ ಬೇಡವೇ? ಅವರ ಬೆನ್ನ ಹಿಂದೆ ಕಂದು ನಾಯಿಯೊಂದು ಕೆಮ್ಮುತ್ತಾ ಬಂದು ತೊಟ್ಟಿಗೆ ಬಾಯಿ ಹಾಕಿತು.

ಬೋರಲು ಹಾಕೋಣವೆಂದರೆ ನೆಲಕ್ಕೆ ಕಚ್ಚಿಸಿ ಕಟ್ಟಿದ್ದಾರೆ. ನಾನು ಬಕೆಟ್ ತಂದು, ಅವರ ಕಣ್ಣೆದುರೇ ನೀರೆಲ್ಲ ಮೊಗೆದು ಚರಂಡಿಗೆ ಸುರುವಿದೆ.

"ಶಿವಶಿವಾ... ನೀನೂ ಆಕಿ ಹಂಗ ಆದಿಯಲ್ಲವಾ!" ಎಂದರು ಸಾವ್ಕಾರರು.

ಆ ಮಾತು ಕೇಳಲು ಅಕ್ಕ ಇರಲಿಲ್ಲ.