ಹೊಗೆ ರಂಗಪ್ಪ

ರಂಗಪ್ಪನವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಪಾದಗಳು. ಒಂದು ಲಾರಿಯ ಕೆಳಗಿನಿಂದ ಅವು ಹೊರಚಾಚಿದ್ದವು. ಹಿಮ್ಮಡಿ ಬಿರುಕು ಬಿಟ್ಟಿತ್ತು. ನಾನು ಆ ಪಾದಗಳ ಮುಂದೆ ನೆಟ್ಟಗೆ ನಿಂತು, "ಅಂಬಾಸಿಡರ್ ಕಾರಿಗೆ ಸೈಲೆನ್ಸರ್ ಕೂರಿಸಬೇಕು. ಗುರುವಾರಕ್ಕೆ ಆಗುತ್ತದೆಯೇ?" ಎಂದು ಕೇಳಿದೆ. ಬಲಗಾಲಿನ ಹೆಬ್ಬೆರಳು ಎರಡು ಸಲ ಅಡ್ಡಡ್ಡ ಆಡಿತು. ಆಗುವುದಿಲ್ಲ ಎಂದು ಅರ್ಥ.

ಆಮೇಲಿನ ದಿನಗಳಲ್ಲಿ ನಾನು ಆ ಹೆಬ್ಬೆರಳನ್ನು ಓದಲು ಕಲಿತೆ. ಅದು ಮೇಲಕ್ಕೆ ಸೆಟೆದು ನಿಂತರೆ ಕಿವಿಗೊಟ್ಟಿದ್ದೇನೆ, ಸುಮ್ಮನಿರಿ ಎಂದು. ಅಲುಗಾಡದೆ ಒಂದು ಕಡೆಗೆ ವಾಲಿಕೊಂಡರೆ ಎಲ್ಲ ಸರಿಯಿದೆ ಎಂದು. ಕೈಗಳಲ್ಲಿ ಸ್ಪ್ಯಾನರ್, ಬಾಯಲ್ಲಿ ನಟ್ಟು ಇರುವ ಮನುಷ್ಯ ಇನ್ನೇನು ತಾನೆ ಮಾಡಿಯಾನು?

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಎರಡು ತೆಂಗಿನ ಮರಗಳ ನಡುವೆ ತಗಡು ಹೊದಿಸಿದ ಅವರ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರ್, ಬಸ್ಸು ಯಾವುದೇ ಇರಲಿ, ಹೊಗೆ ಹೋಗುವ ಪೈಪಿನ ಕೆಲಸ ಮಾತ್ರ ಮಾಡುತ್ತಿದ್ದರು. ಬ್ರೇಕು ಸ್ವಲ್ಪ ನೋಡಿ ಎಂದರೂ ನೋಡುತ್ತಿರಲಿಲ್ಲ. "ಅದು ಬೇರೆಯೋರ ಅನ್ನ ಕಣ್ರೀ" ಎನ್ನುತ್ತಿದ್ದರು. ಊರೆಲ್ಲ ಅವರನ್ನು ಹೊಗೆ ರಂಗಪ್ಪ ಎನ್ನುತ್ತಿತ್ತು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ವ್ಯಾಯಾಮದ ಮೇಷ್ಟ್ರಾಗಿದ್ದವನು. ಐದಕ್ಕೆ ಏಳುತ್ತೇನೆ, ಐದೂವರೆಗೆ ನಡಿಗೆ, ಏಳಕ್ಕೆ ತಿಂಡಿ. ಮಕ್ಕಳಿಗೆ ವೇಳಾಪಟ್ಟಿ ಹಾಕಿ ಹಾಕಿ ಅಭ್ಯಾಸವಾಗಿ ಕಾರಿಗೂ ಒಂದು ಹಾಕಿದ್ದೆ. ಸೋಮವಾರ ಹಳೆ ಸೈಲೆನ್ಸರ್ ಬಿಚ್ಚುವುದು, ಮಂಗಳವಾರ ಹೊಸದು ಕೂರಿಸುವುದು, ಬುಧವಾರ ತಪಾಸಣೆ, ಗುರುವಾರ ಬೆಳಿಗ್ಗೆ ಏಳಕ್ಕೆ ಹೊರಡುವುದು. ರಂಗಪ್ಪ ಲಾರಿಯ ಕೆಳಗಿನಿಂದ ಜಾರಿ ಹೊರಬಂದು, ಬಾಯಲ್ಲಿದ್ದ ನಟ್ಟು ತೆಗೆದು, ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಅಕ್ಷರ ಚೆನ್ನಾಗೈತೆ ಮೇಷ್ಟ್ರೇ. ಇದನ್ನ ಗಾಡಿಗೆ ಓದಿ ಹೇಳಿದೀರಾ?"

ಕಾರು ನನ್ನದಲ್ಲ, ನಮ್ಮ ಭಾವನದು. ಭಾವ ತೀರಿಕೊಂಡ ಮೇಲೆ ದಬ್ಬೇಘಟ್ಟದ ಕಡೆಯ ಅಕ್ಕನ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ನಿಂತೇ ಇತ್ತು. ಅಟ್ಟದ ಮೇಲೆ ಪ್ರತಿವರ್ಷ ಹೊಸ ಕಾಯಿ ಏರಿ, ಕೊಬ್ಬರಿಯಾಗಿ ಇಳಿದು ಹೋಗುತ್ತಿತ್ತು. ಕಾರು ಮಾತ್ರ ಕದಲಲಿಲ್ಲ. ಅದನ್ನು ಮತ್ತೆ ರಸ್ತೆಗೆ ತರುತ್ತೇನೆಂದು ನಾನು ಹಟ ಹಿಡಿದದ್ದು ಅಕ್ಕನಿಗಾಗಿ. ನನಗೆ ಆರು ವರ್ಷವಿದ್ದಾಗ ಅಮ್ಮ ಹೋದಳು. ಆಮೇಲೆ ನನ್ನನ್ನು ಸಾಕಿ, ಓದಿಸಿದವಳು ಅಕ್ಕ.

ಈ ಅಕ್ಕನಿಗೆ ಕಾರು ಆಗಿಬರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಅರ್ಧ ಗಂಟೆಗೆ ತಲೆನೋವು, ವಾಂತಿ. ಒಮ್ಮೆ ಎಚ್ಚರವೇ ತಪ್ಪಿತ್ತು. ಅಂದಿನಿಂದ ಭಾವ ಕಾರಿನಲ್ಲಿ, ಅಕ್ಕ ಬಸ್ಸಿನಲ್ಲಿ. ಒಂದೇ ಮದುವೆಗೆ ಗಂಡ ಹೆಂಡತಿ ಬೇರೆ ಬೇರೆ ಬಂದು ಇಳಿಯುವುದನ್ನು ಕಂಡು ನೆಂಟರು ನಗುತ್ತಿದ್ದರು. ಈಗ ಚಿಕ್ಕನಾಯಕನಹಳ್ಳಿಯಲ್ಲಿ ಮರಿಮಗಳ ನಾಮಕರಣ ಬಂದಿತ್ತು. ಅಕ್ಕ ನನ್ನನ್ನು ಕರೆಸಿ ಹೇಳಿದಳು: "ಈ ಸಲ ನಿಮ್ಮ ಭಾವನ ಕಾರಲ್ಲೇ ಹೋಗೋಣ ಕಣ್ಲಾ ತಮ್ಮಯ್ಯ. ವಾಂತಿ ಆದ್ರೆ ಆಗ್ಲಿ. ಅವರಿದ್ದಾಗ ಜೊತೇಲಿ ಕೂರ್ಲಿಲ್ಲ ನಾನು."

ಇಂಜಿನ್ನಿನ ಕೆಲಸ ಬೇರೆಯವರು ಮುಗಿಸಿದ್ದರು. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ಜರಡಿಯಾಗಿತ್ತು. ಮೂಲ ಭಾಗ ಈಗೆಲ್ಲೂ ಸಿಗುವುದಿಲ್ಲ. ಬೆಂಗಳೂರಿನ ಒಂದು ಅಂಗಡಿಯಿಂದ ಬೇರೆ ಯಾರೋ ಮಾಡಿದ ಹೊಸ ಸೆಟ್ಟು ತರಿಸಿದ್ದೆ. ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿತ್ತು. ಬೈದರೂ ಬಿಡದೆ ನಾನು ಬೆನ್ನು ಹತ್ತಿದ್ದರಿಂದ ರಂಗಪ್ಪ ಕೊನೆಗೆ ಕೆಲಸ ಹಿಡಿದರು.

ಮಂಗಳವಾರ ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದರು. ಪೈಪುಗಳನ್ನು ಜೋಡಿಸಿ, ಎಲ್ಲ ನಟ್ಟುಗಳನ್ನೂ ಸಡಿಲವಾಗಿ ಬಿಟ್ಟಿದ್ದರು. ಸಡಿಲವಾಗಿರುವುದನ್ನು ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಶೂ ಲೇಸಾದರೂ ಅಷ್ಟೆ, ಮಕ್ಕಳ ಸಾಲಾದರೂ ಅಷ್ಟೆ. ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೂರಿ, ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಬಿಗಿದು ಹೊರಬಂದು ಕೈ ಒರೆಸಿಕೊಂಡೆ. ರಂಗಪ್ಪ ಬಂದವರು ಕಾರಿನ ಕೆಳಗೆ ನುಸುಳಿದರು. ಪಾದಗಳು ಬಹಳ ಹೊತ್ತು ಅಲ್ಲಾಡಲಿಲ್ಲ.

"ಯಾರು ಬಿಗಿದೋರು?"

"ನಾನೇ. ಸಮಯ ಉಳಿಯಲಿ ಅಂತ."

"ಮಕ್ಕಳನ್ನ ಮೈದಾನಕ್ಕೆ ಬುಡೋಕೆ ಮುಂಚೇನೇ ಸಾವಧಾನ್ ಅಂತೀರಾ ಮೇಷ್ಟ್ರೇ? ಪೈಪು ಬಿಸಿಯಾದ್ರೆ ಉದ್ದ ಆಯ್ತದೆ. ಕಾಲು ಚಾಚೋಕೆ ಜಾಗ ಬ್ಯಾಡ್ವಾ ಅದಕ್ಕೆ? ಹಿಂಗೇ ಓಡಿಸಿದ್ರೆ ಚಿಕ್ಕನಾಯಕನಹಳ್ಳಿ ಮುಟ್ಟೋದ್ರೊಳಗೆ ಬಿರುಕು ಬಿಟ್ಟಿರೋದು."

ಎಲ್ಲವನ್ನೂ ಬಿಚ್ಚಿದರು. ಆಮೇಲೆ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಡೀ ಪೈಪನ್ನು ತೆಂಗಿನ ನಾರಿನ ಹುರಿಯಲ್ಲಿ ಕಾರಿನ ಕೆಳಗೆ ತೊಟ್ಟಿಲಿನಂತೆ ತೂಗುಹಾಕಿದರು. ಇಂಜಿನ್ ಬಿಸಿ ಮಾಡುವುದು, ಆರಲು ಬಿಡುವುದು, ಪೈಪು ಯಾವ ಕಡೆಗೆ ವಾಲಿತೋ ಅಲ್ಲಿ ಹುರಿಯನ್ನು ಅಷ್ಟೇ ಜರುಗಿಸುವುದು. ಒಂದೂವರೆ ದಿನ ಇದೇ ಕೆಲಸ. ಅದು ತನ್ನ ಜಾಗ ಹಿಡಿದ ಮೇಲೆ ಮುಂದಿನಿಂದ ಹಿಂದಕ್ಕೆ ನಟ್ಟು ಬಿಗಿದು, ಹುರಿ ಬಿಚ್ಚಿ ಅದರ ಜಾಗಕ್ಕೆ ರಬ್ಬರ್ ಪಟ್ಟಿ ಹಾಕಿದರು. ಬುಧವಾರ ಸಂಜೆ ಕಾರು ಗುರುಗುಟ್ಟದೆ, ಕೆಮ್ಮದೆ ಸದ್ದು ಮಾಡಿತು. ಹೆಬ್ಬೆರಳು ವಾಲಿಕೊಂಡಿತು.

ಹೊರಡುವಾಗ ಸುಮ್ಮನೆ ಹೇಳಿದೆ: "ನಾಳೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಬೇಕು. ನಮ್ಮಕ್ಕನಿಗೆ ಈ ಕಾರು ಆಗಿಬರಲ್ಲ."

"ಬಸ್ಸು ಆಯ್ತದಾ?"

"ಬಸ್ಸಲ್ಲಿ ಮೈಸೂರಿಗೆ ಹೋಗಿ ಬಂದಿದ್ದಾಳೆ. ಏನೂ ಆಗಿಲ್ಲ."

ಹೆಬ್ಬೆರಳು ಮೇಲಕ್ಕೆ ನಿಂತಿತು. "ಕಾರಲ್ಲಿ ಎಲ್ಲಿ ಕೂರ್ತಿದ್ರು?"

"ಹಿಂದೆ."

ಅವರು ಕಾರಿನ ಕೀಲಿ ಕೇಳಿ ಇಟ್ಟುಕೊಂಡರು.

ಗುರುವಾರ ಏಳಕ್ಕೆ ಐದು ನಿಮಿಷವಿರುವಾಗ ಅಂಗಡಿ ಮುಟ್ಟಿದೆ. ಅಕ್ಕ ಊರಿನಿಂದ ಮೊದಲ ಬಸ್ಸಿಗೇ ಬಂದು, ರೇಷ್ಮೆ ಸೀರೆಯುಟ್ಟು ಬೆಂಚಿನ ಮೇಲೆ ಕೂತಿದ್ದಳು. ಕಾರಿನ ಕೀಲಿ ರಂಗಪ್ಪನವರ ಜೇಬಿನಲ್ಲಿತ್ತು. ಹತ್ತು ಮಾರು ದೂರದಲ್ಲಿ ಒಂದು ಮುಚ್ಚಳದ ಡಬ್ಬ, ಅದರೊಳಗೆ ಕೆಂಡದ ಮೇಲೆ ತೆಂಗಿನ ನಾರು. ಗಾಳಿ ಊದಲು ಒಂದು ಸಣ್ಣ ತಿದಿ. ಡಬ್ಬದಿಂದ ಕಾರಿನ ಹಿಂಬದಿಯವರೆಗೆ ಉದ್ದನೆಯ ರಬ್ಬರ್ ಪೈಪು.

"ಪೆಟ್ರೋಲ್ ಟ್ಯಾಂಕಿರೋ ಕಡೆಗೆ ಕೆಂಡ ತರಬಾರದು. ಅದಕ್ಕೇ ದೂರ ಮಡಗಿದೀನಿ" ಎಂದು ತಿದಿ ಒತ್ತಿದರು. ಸೈಲೆನ್ಸರಿನೊಳಕ್ಕೆ ಹೊಗೆ ತುಂಬಿತು. ಯಾವ ಜೋಡಣೆಯಲ್ಲೂ ಒಂದೆಳೆ ಹೊಗೆ ಹೊರಬರಲಿಲ್ಲ.

"ನೋಡಿ, ಸರಿಯಾಗಿದೆ! ಕೀಲಿ ಕೊಡಿ. ಏಳೂ ಹತ್ತಾಯಿತು" ಎಂದೆ.

ಅವರು ರಬ್ಬರ್ ಪೈಪನ್ನು ಸೈಲೆನ್ಸರಿನೊಳಗಿನಿಂದ ಎಳೆದು, ಅದರ ಬಾಲದ ತುದಿಯ ಹೊರಗೆ ಹಿಡಿದರು. "ಹಿಂದಿನ ಸೀಟಲ್ಲಿ ಕೂತ್ಕಳಿ. ಬಾಗಿಲು ಹಾಕ್ಕಳಿ."

"ರಂಗಪ್ಪ, ನಾಮಕರಣ ಹತ್ತು ಗಂಟೆಗೆ!"

"ಕೂತ್ಕಳಿ ಮೇಷ್ಟ್ರೇ." ಮೈದಾನದಲ್ಲಿ ನಾನು ಬಳಸುತ್ತಿದ್ದ ದನಿ ಅದು. ಕೂತೆ.

ಒಂದು ನಿಮಿಷವೂ ಆಗಿರಲಿಲ್ಲ. ಸೀಟಿನ ಬೆನ್ನಿನ ಸಂದಿಯಿಂದ ನೂಲಿನ ಹಾಗೆ ಬಿಳಿ ಹೊಗೆ ಎದ್ದಿತು. ನೇರವಾಗಿ ಏರಿ ನನ್ನ ಕಿವಿಯ ಪಕ್ಕದಲ್ಲಿ ಹರಡಿತು. ಅಕ್ಕ ತಲೆ ಒರಗಿಸುವ ಜಾಗ ಅದು. ನಾನು ಬಾಗಿಲು ತೆರೆದು ಹೊರಗೆ ಬಂದೆ.

ನಾನು ತರಿಸಿದ ಹೊಳೆಯುವ ಪೈಪು ನಾಲ್ಕು ಬೆರಳು ಮೋಟಾಗಿತ್ತು. ಹಳೆಯದರ ಬಾಲವೂ ಭಾವನ ಕಾಲದಲ್ಲೇ ತುಕ್ಕಿಗೆ ಉದುರಿ ಅಷ್ಟೇ ಉಳಿದಿತ್ತಂತೆ. ಹೊಗೆ ಬಂಪರಿನ ಆಚೆ ಹೋಗದೆ ಡಿಕ್ಕಿಯ ಅಡಿಯಲ್ಲೇ ಸುತ್ತುತ್ತಿತ್ತು. ಡಿಕ್ಕಿಯ ತಳದಲ್ಲಿ ರಬ್ಬರ್ ಬಿರಡೆ ಬಿದ್ದುಹೋದ ತೂತು. ಅಲ್ಲಿಂದ ಸೀಟಿನ ಹಿಂಬದಿಗೆ ದಾರಿ.

ರಂಗಪ್ಪ ಅಕ್ಕನ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. "ಅವ್ವಾರೇ, ನಿಮಗೆ ಕಾರು ಆಗಿಬರ್ತಿತ್ತು. ಹೊಗೆ ಆಗಿಬರ್ತಿರಲಿಲ್ಲ, ಅದು ಯಾರಿಗೂ ಆಗಿಬರಲ್ಲ. ಅದರಲ್ಲಿ ವಾಸನೆ ಇಲ್ದಿರೋ ವಿಷ ಒಂದು ಐತೆ. ನಿದ್ದೆ ತರ್ತದೆ. ಆ ನಿದ್ದೆಯಿಂದ ಎದ್ದೋರು ಕಮ್ಮಿ."

ಅಕ್ಕ ಕಾರಿನ ಕಡೆ ತಿರುಗಿದಳು. "ಅಂದ್ರೆ ಇಷ್ಟು ವರ್ಷ ಸುಮ್ನೆ ಬಸ್ಸಲ್ಲಿ ಹೋದ್ನಾ? ಅವರು ಪಾಪ, ನಂಗೇ ಹೊಟ್ಟೆ ಸರಿಯಿಲ್ಲ ಅಂತ ಜೀರಿಗೆ ಕಷಾಯ ಕುಡಿಸ್ತಿದ್ರು." ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟೊತ್ತು ಬೇಕು ರಂಗಪ್ಪ?" ಎಂದು ನಾನು ಕೇಳಿದೆ.

"ಗಾಡಿ ನಮ್ಮನ್ನ ಬುಟ್ಟಾಗ."

ವೇಳಾಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದೆ. ಅವರು ಬಾಲಕ್ಕೆ ತುಂಡು ಪೈಪು ಬೆಸೆದು, ತುದಿಯನ್ನು ನೆಲದ ಕಡೆಗೆ ಬಗ್ಗಿಸಿದರು. ಹಳೆ ಟ್ಯೂಬು ಕತ್ತರಿಸಿ ತೂತಿಗೆ ಬಿರಡೆ ಹೊಡೆದರು. ಮತ್ತೆ ನನ್ನನ್ನು ಹಿಂದೆ ಕೂರಿಸಿ ತಿದಿ ಒತ್ತಿದರು. ಹೊಗೆ ಬರಲಿಲ್ಲ. ಇನ್ನೂ ಐದು ನಿಮಿಷ ಕೂರಿಸಿದರು. ಬರಲಿಲ್ಲ. ಆಗ ಕೀಲಿ ಕೊಟ್ಟರು.

ನಾವು ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು, ಮೊದಲ ಪಂಕ್ತಿ ಎದ್ದಿತ್ತು. ನನ್ನ ಬದುಕಿನಲ್ಲಿ ನಾನು ಮೂರು ಗಂಟೆ ತಡವಾಗಿ ಹೋದದ್ದು ಅದೊಂದೇ ಸಲ. ಅಕ್ಕ ಕಾರಿನಿಂದ ತಾನೇ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡನೇ ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದಳು.

ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಕಾರನ್ನು ರಂಗಪ್ಪನವರಿಗೆ ತೋರಿಸುವುದು ನನ್ನ ನಿಯಮವಾಯಿತು. ಕೊನೆಯ ಸಲ ಹೋದಾಗ ಅವರು ಕಾರಿನ ಕೆಳಗಿರಲಿಲ್ಲ, ಅಂಗಡಿಯ ಮುಂದೆ ಕುರ್ಚಿಯಲ್ಲಿದ್ದರು. ಅಷ್ಟು ಹೊತ್ತು ಅವರ ಮುಖ ನೋಡಿದ್ದು ಅದೇ ಮೊದಲು. ಬಹಳ ಇಳಿದುಹೋಗಿದ್ದರು. ಬಿಸಿಲಿನಲ್ಲೂ ಕಾಲಿಗೆ ಉಣ್ಣೆಯ ಕಾಲುಚೀಲ. ನಾನು ಇಂಜಿನ್ ಚಾಲೂ ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಾನು ಕಾಲುಚೀಲವನ್ನೇ ನೋಡುತ್ತಿದ್ದೆ. ಹೆಬ್ಬೆರಳು ಮೇಲಕ್ಕೆ ಎದ್ದಿತು, ನಿಧಾನವಾಗಿ ಒಂದು ಕಡೆಗೆ ವಾಲಿಕೊಂಡಿತು.

"ಡಬ್ಬ, ತಿದಿ ತಗಂಡೋಗಿ ಮೇಷ್ಟ್ರೇ. ನಾರು ನಿಮ್ಮಕ್ಕನ ಮನೇಲಿ ಬೇಕಾದಷ್ಟು ಐತೆ. ಭಾನುವಾರ ತಪ್ಪಿಸಬ್ಯಾಡಿ."

"ನಾನು ತಪ್ಪಿಸ್ತೀನಾ?"

"ನೀವು ತಪ್ಪಿಸಲ್ಲ. ಅದಕ್ಕೇ ನಿಮಗೆ ಕೊಡ್ತಿರೋದು."

ಮುಂದಿನ ಮೊದಲ ಭಾನುವಾರದ ಹೊತ್ತಿಗೆ ಅವರು ಇರಲಿಲ್ಲ. ತಗಡಿನ ಅಂಗಡಿಯಿದ್ದಲ್ಲಿ ಈಗ ಕಾರು ತೊಳೆಯುತ್ತಾರೆ.

ಡಬ್ಬ, ತಿದಿ ಅಕ್ಕನ ಮನೆಯ ಅಟ್ಟದ ಕೆಳಗಿವೆ. ತಿಂಗಳಿಗೊಮ್ಮೆ ನಾನು ಕೆಂಡ ಹಾಕಿ, ದೂರದಲ್ಲಿಟ್ಟು, ಮುಂದಿನಿಂದ ಹಿಂದಕ್ಕೆ ನೋಡುತ್ತೇನೆ. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಕಾಯುತ್ತೇನೆ. ಆದರೂ ದಾರಿಯಲ್ಲಿ ಅಕ್ಕನ ಮಾತು ನಿಂತು, ಕನ್ನಡಿಯಲ್ಲಿ ಅವಳ ತಲೆ ಸೀಟಿಗೆ ಒರಗಿದ್ದು ಕಂಡರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

"ಅಕ್ಕಾ?"

ಕಣ್ಣು ಬಿಡದೆಯೇ ಉತ್ತರ ಬರುತ್ತದೆ.

"ಬದುಕಿದೀನಿ ಕಣ್ಲಾ. ಮುಂದೆ ನೋಡ್ಕಂಡು ಓಡ್ಸು."