ಕಾಕಿಯ ಕೊರಳ ಕಪ್ಪು ಪಟ್ಟಿ

ಕಾಕಿಯ ಕೊರಳ ಸುತ್ತ ಮೂಡಿದ ಕಪ್ಪು ಪಟ್ಟಿ ದೆವ್ವ ಬಿಗಿದ ಹಗ್ಗದ ಗುರುತು ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಆಗ ನನಗೆ ಹತ್ತು ವರ್ಷ. ಕಮಲಾಪುರದ ನಮ್ಮ ಮನೆಯಲ್ಲಿ ಬುದ್ಧಿವಂತರಿಗೇನೂ ಬರವಿರಲಿಲ್ಲ. ಅಪ್ಪ ನಿಜಾಮ ಸರಕಾರದ ಉರ್ದು ಕಾಗದಗಳನ್ನು ಸರಾಗವಾಗಿ ಓದುತ್ತಿದ್ದ. ಆದರೂ ಒಬ್ಬರಿಗೂ ಬೇರೇನೂ ಹೊಳೆಯಲಿಲ್ಲ.

ಅಪ್ಪನ ತಮ್ಮನಾದ ಕಾಕಾ ತೀರಿಕೊಂಡ ಮೇಲೆ ಕಾಕಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು. ಒಂದು ತುಂಡು ಒಣ ರೊಟ್ಟಿ, ಖಾರ, ನೀರು, ಅಷ್ಟೇ. ಕೆಲವು ತಿಂಗಳಲ್ಲಿ ಕೈ, ಕೊರಳು ಸುಟ್ಟಂತೆ ಕಪ್ಪಾಗಿ ಸಿಪ್ಪೆ ಎದ್ದವು. ಆಮೇಲೆ ನಮ್ಮ ಹೆಸರು ಮರೆತಳು, ಗೋಡೆಯ ಜೊತೆ ಮಾತಾಡತೊಡಗಿದಳು. ದೆವ್ವ ಬಿಡಿಸುವ ಮುತ್ಯಾ ಬಂದು, "ಬರೀ ಜ್ವಾಳದ ಅಂಬಲಿ ಹಾಕ್ರಿ. ಹಸದ್ರ ತಾನ ಬಿಟ್ಟು ಹೋಗ್ತದ" ಎಂದ. ನಾವು ಚಾಚೂ ತಪ್ಪದೆ ಪಾಲಿಸಿದೆವು. ಅಂಬಲಿ ಒಯ್ದು ಕೊಡುವ ಕೆಲಸ ನನ್ನದು.

ಕಾಕಿ ಎದ್ದು ನಿಲ್ಲಲಾರದಂತಾದಾಗ ಅಪ್ಪ ಅವಳನ್ನು ಬಂಡಿಯಲ್ಲಿ ಮಲಗಿಸಿ ಕಲಬುರಗಿಗೆ ಹೊರಟ. ಅವಳ ತಲೆ ಹಿಡಿದು ಕೂಡಲು ನಾನೂ ಹೋದೆ. ಹೈದರಾಬಾದಿನಲ್ಲಿ ಓದಿ ಬಂದಿದ್ದ ಡಾಕ್ಟರ್ ಸಾಹೇಬರು ಕೊರಳು ನೋಡಿದರು, ನಾಲಿಗೆ ನೋಡಿದರು. ಆಮೇಲೆ, "ತಿನ್ನಾಕ ಏನ್ ಕೊಡ್ತೀರಿ?" ಎಂದರು.

ಅಪ್ಪ ಹೇಳಿದ. ಸಾಹೇಬರು ಹಣೆ ಬಡಿದುಕೊಂಡರು.

"ದೂರದ ಮುಲ್ಕಿನಾಗ ಬರೀ ಗೋವಿನಜ್ವಾಳ ತಿನ್ನೂ ಬಡವರಿಗೆ ಹಿಂಗ ಚರ್ಮ ಕರ್ರಗಾಗಿ ತಲಿ ಕೆಡ್ತದ್ರಿ. ಊಟ ಬದಲ್ ಮಾಡಿದ್ರ ಹುಚ್ಚು ಹೋಗ್ತದಂತ ಅಲ್ಲಿ ಡಾಕ್ಟರು ಈಗೀಗ ಬರಿಯಾಕತ್ತಾರ. ನಮ್ಮ ಜ್ವಾಳದ ಬಗ್ಗೆ ಯಾರೂ ನೋಡಿಲ್ಲ, ನನಗೂ ಖಾತ್ರಿ ಇಲ್ಲ. ಹಾಲು, ಬ್ಯಾಳಿ, ಶೇಂಗಾ ಕೊಟ್ಟು ನೋಡೂಣ್ರಿ."

ಅಪ್ಪನಿಗೆ ಸಿಟ್ಟೇ ಬಂತು. "ಜ್ವಾಳ ತಿಂದವ ತೋಳ ಅಂತಾರ್ರಿ ಸಾಹೇಬ್ರ. ಅದನ್ನ ತಿಂದು ಹುಚ್ಚು ಹಿಡಿತದೇನ್ರಿ?"

"ಜ್ವಾಳದ್ದು ತಪ್ಪಿಲ್ರಿ. ಅದೊಂದನ್ನ ಕೊಟ್ಟಿದ್ದು ತಪ್ಪು. ಬ್ಯಾರೆ ಏನೂ ಬೇಡಲಿಲ್ಲೇನ್ರಿ ಆಕಿ?"

ಬೇಡಿದ್ದಳು. ನಾನು ಉಟ್ಟಿದ್ದ ಪರಕಾರದ ಚುಂಗು ಹಿಡಿದು, "ಒಂದ್ ಗುಟುಕು ಹಾಲು ತಾ, ಮಗಳ" ಎಂದಿದ್ದಳು. ನಾನು ಹೊರಗೆ ಓಡಿ, "ದೆವ್ವ ಹಾಲು ಬೇಡಾಕತ್ತದ!" ಎಂದು ಕೂಗಿದ್ದೆ. ಆ ದಿನ ಮುತ್ಯಾ ಅವಳನ್ನು ಬೇವಿನ ಟೊಂಗೆಯಿಂದ ಹೊಡೆದಿದ್ದ. ಮನೆಮಂದಿಯೆಲ್ಲ ನಿಂತು ನೋಡಿದ್ದೆವು.

ಕಲಬುರಗಿಯ ನೆಂಟರ ಮನೆಯಲ್ಲೇ ಇಟ್ಟುಕೊಂಡು ಒಂದು ತಿಂಗಳು ಸಾಹೇಬರು ಹೇಳಿದಂತೆ ಉಣಿಸಿದೆವು. ಚರ್ಮ ತಿಳಿಯಾಯಿತು. ಒಂದು ಬೆಳಿಗ್ಗೆ ಕಾಕಿ ನನ್ನನ್ನು ಹೆಸರು ಹಿಡಿದು ಕರೆದಳು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಅವಳು ಬೈಯಲಿಲ್ಲ, ಹಳೆಯದನ್ನು ಎತ್ತಲೂ ಇಲ್ಲ.

ಮುಂದೆ ಇಪ್ಪತ್ತು ವರ್ಷ ನಮ್ಮ ಜೊತೆಗೇ ಇದ್ದಳು, ನನ್ನ ಬಾಣಂತನವನ್ನೂ ಮಾಡಿದಳು. ಕೊನೆಯ ಕಾಯಿಲೆಯಲ್ಲೂ ಬಾಯಾರಿದರೆ ಗೋಡೆ ಹಿಡಿದು ತಾನೇ ಎದ್ದು ನೀರು ಕುಡಿದಳೇ ಹೊರತು, ಪಕ್ಕದಲ್ಲೇ ಕೂತಿದ್ದ ನನ್ನನ್ನು ಒಮ್ಮೆಯೂ ಕೇಳಲಿಲ್ಲ.